ಮಂಕಾಗುವ ನಕ್ಷತ್ರಗಳ ಲೆಕ್ಕ ಇಟ್ಟವರು

ಆಕಾಶದ ನಕ್ಷತ್ರಗಳೆಲ್ಲ ಸದಾ ಒಂದೇ ಸಮನೆ ಬೆಳಗುವುದಿಲ್ಲ. ಕೆಲವು ಒಂದೇ ರಾತ್ರಿಯಲ್ಲಿ ಮಂಕಾಗಿ ಮತ್ತೆ ಚೇತರಿಸಿಕೊಳ್ಳುತ್ತವೆ. ಕೆಲವು ವರ್ಷದಲ್ಲಿ ಕೆಲವು ವಾರ ಬರಿಗಣ್ಣಿಗೆ ಕಂಡು ಉಳಿದ ಕಾಲವೆಲ್ಲ ಮರೆಯಾಗಿರುತ್ತವೆ. ಇನ್ನು ಕೆಲವು ದಶಕಗಟ್ಟಲೆ ಸುಮ್ಮನಿದ್ದು ಒಂದು ರಾತ್ರಿ ಇದ್ದಕ್ಕಿದ್ದಂತೆ ಸಾವಿರಾರು ಪಟ್ಟು ಹೊಳೆಯುತ್ತವೆ. ಇವಕ್ಕೆ ಚಂಚಲ ನಕ್ಷತ್ರಗಳೆಂದು ಹೆಸರು. ಇವುಗಳ ಏರಿಳಿತವನ್ನು ನೂರಕ್ಕೂ ಹೆಚ್ಚು ವರ್ಷಗಳಿಂದ ಬಿಡದೆ ದಾಖಲಿಸಿಕೊಂಡು ಬಂದಿರುವವರಲ್ಲಿ ಹೆಚ್ಚಿನವರು ವಕೀಲರು, ರೈತರು, ಶಾಲಾ ಶಿಕ್ಷಕರು, ಕಚೇರಿ ನೌಕರರು. ಹಗಲು ತಮ್ಮ ದುಡಿಮೆ, ರಾತ್ರಿ ಆಕಾಶ. ಹವ್ಯಾಸಿ ಖಗೋಳ ಸಂಘಗಳು ವಿಜ್ಞಾನಕ್ಕೆ ಕೊಟ್ಟಿರುವ ಕಾಣಿಕೆಗಳಲ್ಲಿ ಇದಕ್ಕಿಂತ ದೊಡ್ಡದು ಮತ್ತೊಂದಿಲ್ಲ.

ನಕ್ಷತ್ರದ ಬೆಳಕು ಬದಲಾಗುತ್ತದೆಂಬುದೇ ಯುರೋಪಿನಲ್ಲಿ ಬಹುಕಾಲ ಯಾರ ಎಣಿಕೆಗೂ ಬಂದಿರಲಿಲ್ಲ. 1596ರಲ್ಲಿ ಡೇವಿಡ್ ಫ್ಯಾಬ್ರಿಷಿಯಸ್ ಎಂಬ ಜರ್ಮನ್ ಪಾದ್ರಿ ತಿಮಿಂಗಿಲ ನಕ್ಷತ್ರಪುಂಜದಲ್ಲಿ ನಕ್ಷತ್ರವೊಂದನ್ನು ಕಂಡ. ಕೆಲವು ವಾರಗಳಲ್ಲಿ ಅದು ಮಾಯವಾಯಿತು. ಮುಂದೆ ಅದಕ್ಕೆ ಅಚ್ಚರಿ ಎಂಬ ಅರ್ಥದ ಮೀರಾ ಎಂಬ ಲ್ಯಾಟಿನ್ ಹೆಸರು ಬಂತು. ಸುಮಾರು 332 ದಿನಗಳಿಗೊಮ್ಮೆ ಮೀರಾ ಉಬ್ಬಿ ಕುಗ್ಗುತ್ತದೆ. ಮುಪ್ಪಿಗೆ ಬಂದ ದೈತ್ಯ ನಕ್ಷತ್ರಗಳ ಹೊರಪದರಗಳು ಹೀಗೆ ಲಯಬದ್ಧವಾಗಿ ಮಿಡಿಯುವಾಗ ಅವುಗಳ ತಾಪ, ಗಾತ್ರ, ಬೆಳಕು ಮೂರೂ ಬದಲಾಗುತ್ತವೆ.

ಪಾರ್ಥ ನಕ್ಷತ್ರಪುಂಜದಲ್ಲಿರುವ ಆಲ್ಗಾಲ್‌ನ ಕಥೆ ಬೇರೆ. 1782ರಲ್ಲಿ ಇಂಗ್ಲೆಂಡಿನ ಯಾರ್ಕ್ ನಗರದ ಜಾನ್ ಗುಡ್‌ರಿಕ್ ಎಂಬ ಹದಿಹರೆಯದ ಹುಡುಗ ಅದನ್ನು ರಾತ್ರಿ ರಾತ್ರಿ ಗಮನಿಸತೊಡಗಿದ. ಅವನಿಗೆ ಬಾಲ್ಯದಿಂದಲೇ ಕಿವಿ ಕೇಳಿಸುತ್ತಿರಲಿಲ್ಲ. 2 ದಿನ 20 ಗಂಟೆ 49 ನಿಮಿಷಗಳಿಗೊಮ್ಮೆ ಆಲ್ಗಾಲ್ ಮಂಕಾಗುತ್ತದೆ ಎಂದು ಅವನು ಲೆಕ್ಕಹಾಕಿದ. ಬಹುಶಃ ಮತ್ತೊಂದು ಕಾಯ ಅದಕ್ಕೆ ಅಡ್ಡ ಬರುತ್ತಿರಬೇಕೆಂದೂ ಸೂಚಿಸಿದ. ಒಂದು ಶತಮಾನದ ನಂತರ ಆ ಊಹೆ ಸರಿಯೆಂದು ಸಿದ್ಧವಾಯಿತು: ಆಲ್ಗಾಲ್ ಜೋಡಿ ನಕ್ಷತ್ರ, ಮಂಕಾದುದು ಹೊಳಪಿನದರ ಮುಂದೆ ಹಾಯ್ದಾಗಲೆಲ್ಲ ಗ್ರಹಣ. 1784ರಲ್ಲಿ ಗುಡ್‌ರಿಕ್ ಗುರುತಿಸಿದ ಡೆಲ್ಟಾ ಸಿಫೈ ಎಂಬ ನಕ್ಷತ್ರ ಐದೂಕಾಲು ದಿನಗಳಿಗಿಂತ ಸ್ವಲ್ಪ ಹೆಚ್ಚಿನ ಅವಧಿಯಲ್ಲಿ ಮಿಡಿಯುತ್ತದೆ. 20ನೇ ಶತಮಾನದ ಆರಂಭದಲ್ಲಿ ಹೆನ್ರಿಯೆಟಾ ಲೆವಿಟ್ ಇದೇ ಬಗೆಯ ನಕ್ಷತ್ರಗಳಲ್ಲಿ ಮಿಡಿತದ ಅವಧಿಗೂ ನಿಜವಾದ ಹೊಳಪಿಗೂ ಇರುವ ಸಂಬಂಧ ಕಂಡರು. ಎಡ್ವಿನ್ ಹಬಲ್ ಆ ಸಂಬಂಧವನ್ನು ಹಿಡಿದೇ ದೂರವನ್ನು ಅಳೆದು, ಆಂಡ್ರೊಮಿಡಾ ನಮ್ಮ ಆಕಾಶಗಂಗೆಯ ಆಚೆಗಿರುವ ಇನ್ನೊಂದು ಗ್ಯಾಲಕ್ಸಿ ಎಂದು ತೋರಿಸಿದರು. ಗುಡ್‌ರಿಕ್ 21ನೇ ವಯಸ್ಸಿಗೆ ತೀರಿಕೊಂಡ. ಅಷ್ಟು ಚಿಕ್ಕ ಬಾಳಿನಲ್ಲಿ ಅಷ್ಟು ದೂರ ಮುಟ್ಟುವ ಕೆಲಸ ಮಾಡಿದವರು ವಿಜ್ಞಾನದ ಚರಿತ್ರೆಯಲ್ಲಿ ವಿರಳ.

ಬೆಳಕಿನ ಬದಲಾವಣೆಯನ್ನು ಬರೆದಿಡಬೇಕಾದರೆ ಅಳತೆ ಬೇಕು. ನಕ್ಷತ್ರಗಳ ಹೊಳಪನ್ನು ಕಾಂತಿಮಾನವೆಂಬ ಅಂಕಿಯಲ್ಲಿ ಹೇಳುತ್ತಾರೆ. ಅಂಕಿ ಹೆಚ್ಚಿದಷ್ಟೂ ಹೊಳಪು ಕಡಿಮೆ. ಒಳ್ಳೆಯ ಕತ್ತಲಲ್ಲಿ ಬರಿಗಣ್ಣಿಗೆ 6ರವರೆಗೆ ಕಾಣುತ್ತದೆ. ಐದು ಅಂಕಿಗಳ ಅಂತರವೆಂದರೆ ಹೊಳಪಿನಲ್ಲಿ ಸರಿಯಾಗಿ ನೂರು ಪಟ್ಟು ವ್ಯತ್ಯಾಸ. 1856ರಲ್ಲಿ ಈ ನಿಯಮ ಸೂಚಿಸಿದ ನಾರ್ಮನ್ ಪಾಗ್ಸನ್ 1861ರಿಂದ ಸಾಯುವವರೆಗೆ ಮದ್ರಾಸಿನ ವೀಕ್ಷಣಾಲಯದ ಮುಖ್ಯಸ್ಥರಾಗಿದ್ದರು. ಅವರ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರ್ಯರು 1867ರಲ್ಲಿ ದಕ್ಷಿಣಾಕಾಶದ ಆರ್ ರೆಟಿಕ್ಯುಲೈ ಎಂಬ ಚಂಚಲ ನಕ್ಷತ್ರವನ್ನು ಪತ್ತೆಮಾಡಿದರು. 1874ರ ಶುಕ್ರ ಸಂಕ್ರಮಣವನ್ನು ಜನಸಾಮಾನ್ಯರಿಗೆ ವಿವರಿಸಲು ಅವರು ಬರೆದ ಪುಸ್ತಿಕೆ ಕನ್ನಡದಲ್ಲೂ ಹೊರಬಂತು. ಆಕಾಶವನ್ನು ಜನರ ಭಾಷೆಯಲ್ಲಿ ಜನರ ಮುಂದಿಡುವ ಕೆಲಸಕ್ಕೆ ನಮ್ಮಲ್ಲಿ ಅಷ್ಟು ಹಿಂದಿನ ಮಾದರಿಯೊಂದಿದೆ.

ಚಂಚಲ ನಕ್ಷತ್ರಗಳ ಸಂಖ್ಯೆ ಏರುತ್ತಾ ಹೋದಂತೆ ವೀಕ್ಷಣಾಲಯಗಳಿಗೆ ಅವುಗಳ ಬೆನ್ನುಹತ್ತುವುದು ಅಸಾಧ್ಯವಾಯಿತು. ಹಾರ್ವರ್ಡ್ ವೀಕ್ಷಣಾಲಯದ ನಿರ್ದೇಶಕ ಎಡ್ವರ್ಡ್ ಪಿಕರಿಂಗ್ 1882ರಲ್ಲಿ ಹವ್ಯಾಸಿಗಳಿಗೆ ಬಹಿರಂಗವಾಗಿ ಕರೆಕೊಟ್ಟರು: ದೊಡ್ಡ ಉಪಕರಣ ಬೇಡ, ತಾಳ್ಮೆ ಇದ್ದರೆ ಸಾಕು, ಹೆಂಗಸರೂ ಈ ಕೆಲಸಕ್ಕೆ ಬರಲಿ. ಆ ಕರೆ ಸಂಘದ ರೂಪ ಪಡೆದದ್ದು 1911ರಲ್ಲಿ. ವೃತ್ತಿಯಿಂದ ವಕೀಲರಾಗಿದ್ದ ವಿಲಿಯಂ ಟೈಲರ್ ಆಲ್ಕಟ್ ಅಮೆರಿಕದ ಚಂಚಲ ನಕ್ಷತ್ರ ವೀಕ್ಷಕರ ಸಂಘವನ್ನು ಕಟ್ಟಿದರು. ಇಂದು ಅದರ ಭಂಡಾರದಲ್ಲಿ ಐದು ಕೋಟಿಗೂ ಹೆಚ್ಚು ವೀಕ್ಷಣೆಗಳಿವೆ.

ಭೂಮಿ ಗುಂಡಗಿರುವುದರಿಂದ ಇಂಥ ಸಂಘ ಒಂದೇ ದೇಶದ್ದಾಗಿ ಉಳಿಯಲಾರದು. ಅಮೆರಿಕದಲ್ಲಿ ಹಗಲಾದಾಗ ಏಷ್ಯಾದಲ್ಲಿ ಯಾರಾದರೂ ಎಚ್ಚರವಿರಬೇಕು. ಹಾಗೆ ಎಚ್ಚರವಿದ್ದವರಲ್ಲಿ ಒಬ್ಬರು ಈಗಿನ ಬಾಂಗ್ಲಾದೇಶಕ್ಕೆ ಸೇರಿದ ಜೆಸ್ಸೋರ್‌ನ ರಾಧಾಗೋವಿಂದ ಚಂದ್ರ. 1878ರಲ್ಲಿ ಹುಟ್ಟಿದ ಅವರು ಶಾಲೆಯ ಕೊನೆಯ ಪರೀಕ್ಷೆಯನ್ನು ದಾಟಲಾರದೆ ಸರ್ಕಾರಿ ಖಜಾನೆಯಲ್ಲಿ ನಾಣ್ಯ ಎಣಿಸುವ ಕೆಲಸಕ್ಕೆ ಸೇರಿದ್ದರು. 1910ರಲ್ಲಿ ಹ್ಯಾಲಿ ಧೂಮಕೇತುವನ್ನು ಬೈನಾಕ್ಯುಲರ್‌ನಲ್ಲಿ ನೋಡಿದ ಮೇಲೆ ಇಂಗ್ಲೆಂಡಿನಿಂದ 3 ಅಂಗುಲದ ದೂರದರ್ಶಕ ತರಿಸಿಕೊಂಡರು. 1918ರ ಜೂನ್‌ನಲ್ಲಿ ಗರುಡ ನಕ್ಷತ್ರಪುಂಜದಲ್ಲಿ ಹೊಸ ನಕ್ಷತ್ರವೊಂದು ಸ್ಫೋಟಿಸಿದ್ದನ್ನು ಅವರು ಸ್ವತಂತ್ರವಾಗಿ ಗುರುತಿಸಿದರು. ಅದರ ವಿವರ ಹಾರ್ವರ್ಡಿಗೆ ಹೋಯಿತು; ಅಲ್ಲಿಂದ ಸಂಘದ ನಂಟು ಬೆಳೆಯಿತು. ಮುಂದಿನ ಮೂರೂವರೆ ದಶಕಗಳಲ್ಲಿ ಅವರು ಕಳಿಸಿದ ವೀಕ್ಷಣೆಗಳು 37,000ಕ್ಕೂ ಹೆಚ್ಚು. ಮಳೆ ಮೋಡ ಬಿಟ್ಟುಕೊಟ್ಟ ರಾತ್ರಿಗಳಲ್ಲಷ್ಟೇ ಇಷ್ಟು ಸಾಧ್ಯವಾಯಿತೆಂಬುದನ್ನು ನೆನೆದರೆ ಆ ಶ್ರದ್ಧೆಯ ಅಳತೆ ಸಿಗುತ್ತದೆ.

ಅವರ ಕೆಲಸ ಮೆಚ್ಚಿ ಸಂಘ 1926ರಲ್ಲಿ ಸುಮಾರು 6 ಅಂಗುಲದ ಮಸೂರವಿದ್ದ ದೂರದರ್ಶಕವೊಂದನ್ನು ಅಮೆರಿಕದಿಂದ ಕಳಿಸಿತು. ಅದು ಚಾರ್ಲ್ಸ್ ಎಲ್ಮರ್ ಎಂಬ ಸದಸ್ಯರದಾಗಿತ್ತು. ಎಲ್ಮರ್ ವೃತ್ತಿಯಿಂದ ನ್ಯಾಯಾಲಯದ ಶೀಘ್ರಲಿಪಿಕಾರರು. ಪರ್ಕಿನ್-ಎಲ್ಮರ್ ಕಂಪನಿಯ ಹೆಸರಿನಲ್ಲಿರುವ ಎಲ್ಮರ್ ಅವರೇ. ದೇಶ ವಿಭಜನೆಯ ನಂತರ ಚಂದ್ರ ಕೋಲ್ಕತ್ತಾ ಸಮೀಪದ ಬಾರಾಸತ್‌ಗೆ ಬಂದು ನೆಲೆಸಿದರು. ಅವರಿಗೆ ವಯಸ್ಸಾದ ಮೇಲೆ ಆ ದೂರದರ್ಶಕ ಖಗೋಳವಿಜ್ಞಾನಿ ವೇಣು ಬಾಪು ಅವರ ಕೈಸೇರಿತು, ಕೊನೆಗೆ ಕಾವಲೂರಿನ ವೀಕ್ಷಣಾಲಯಕ್ಕೆ ಬಂತು. ಬಾಪು ಕೂಡ ಹೈದರಾಬಾದಿನಲ್ಲಿ ಓದುವಾಗ ಚಂಚಲ ನಕ್ಷತ್ರಗಳನ್ನು ನೋಡಿಯೇ ಬೆಳೆದವರು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದ ಅವರು ಅದರ ವೀಕ್ಷಣಾಲಯಕ್ಕೆಂದು ತಮಿಳುನಾಡಿನ ಜವ್ವಾದು ಬೆಟ್ಟಗಳ ಕಾವಲೂರನ್ನು ಆರಿಸಿದರು. ಆ ವೀಕ್ಷಣಾಲಯಕ್ಕೆ ಈಗ ಅವರದೇ ಹೆಸರು.

ಚಂದ್ರ ಅವರ ಸಮಕಾಲೀನರಲ್ಲಿ ಅಮೆರಿಕದ ಓಹಾಯೋ ರಾಜ್ಯದ ರೈತನ ಮಗ ಲೆಸ್ಲಿ ಪೆಲ್ಟಿಯರ್ ಹೆಸರು ದೊಡ್ಡದು. ಕ್ವಾರ್ಟ್‌ಗೆ 2 ಸೆಂಟಿನಂತೆ 900 ಕ್ವಾರ್ಟ್ ಸ್ಟ್ರಾಬೆರಿ ಕಿತ್ತು ಗಳಿಸಿದ 18 ಡಾಲರ್‌ಗೆ ಅವರು ಮೊದಲ ದೂರದರ್ಶಕ ಕೊಂಡರು. 1918ರಿಂದ 1980ರಲ್ಲಿ ತೀರಿಕೊಳ್ಳುವವರೆಗೆ ದಾಖಲಿಸಿದ ವೀಕ್ಷಣೆಗಳು 1,32,000. ಅವರು ಕಾದು ಕುಳಿತಿದ್ದ ನಕ್ಷತ್ರಗಳಲ್ಲಿ ಉತ್ತರ ಕಿರೀಟ ಪುಂಜದ ಟಿ ಎಂಬುದೂ ಒಂದು. ಸಾಮಾನ್ಯವಾಗಿ 10ನೇ ಕಾಂತಿಮಾನದಲ್ಲಿರುವ ಅದು 1866ರಲ್ಲಿ ಸ್ಫೋಟಿಸಿ 2ನೇ ಕಾಂತಿಮಾನಕ್ಕೆ ಏರಿತ್ತು. ಇಪ್ಪತ್ತೈದು ವರ್ಷ ಅದರ ಕಾವಲು ಕಾದ ಪೆಲ್ಟಿಯರ್, 1946ರ ಫೆಬ್ರವರಿಯ ಒಂದು ಬೆಳಗಿನ ಜಾವ ನೆಗಡಿಯ ಲಕ್ಷಣ ಕಂಡು ಮತ್ತೆ ಮಲಗಿಬಿಟ್ಟರು. ಅದೇ ರಾತ್ರಿ ಅದು ಮತ್ತೆ ಸ್ಫೋಟಿಸಿತು. ಬೇರೆಬೇರೆ ಊರುಗಳ ಅನೇಕರು ಒಂದೇ ನಕ್ಷತ್ರವನ್ನು ನೋಡಬೇಕೆಂಬ ಸಂಘದ ಪದ್ಧತಿಗೆ ಇದಕ್ಕಿಂತ ಬಲವಾದ ಸಮರ್ಥನೆ ಬೇಕಿಲ್ಲ. ಎಂಬತ್ತು ವರ್ಷಗಳ ಆ ಅಂತರವನ್ನು ಲೆಕ್ಕ ಹಾಕಿಯೇ ಈಚಿನ ವರ್ಷಗಳಲ್ಲಿ ಜಗತ್ತಿನ ಹವ್ಯಾಸಿಗಳು ಆ ನಕ್ಷತ್ರದತ್ತ ಮತ್ತೆ ಕಣ್ಣಿಟ್ಟಿದ್ದಾರೆ.

ವೀಕ್ಷಣೆಯ ವಿಧಾನ ಸರಳ, ಆದರೆ ಶಿಸ್ತು ಬೇಡುವಂಥದ್ದು. ಚಂಚಲ ನಕ್ಷತ್ರವನ್ನು ಅದರ ಅಕ್ಕಪಕ್ಕದ, ಕಾಂತಿಮಾನ ಗೊತ್ತಿರುವ ನಕ್ಷತ್ರಗಳೊಡನೆ ಹೋಲಿಸಿ ನೋಡುವುದೇ ಅದರ ತಿರುಳು. ಒಂದು ಇದಕ್ಕಿಂತ ಹೊಳಪಿನದು, ಇನ್ನೊಂದು ಮಂಕಾದುದು. ನಡುವೆ ಇದು ಎಲ್ಲಿ ನಿಲ್ಲುತ್ತದೆ ಎಂದು ಅಂದಾಜು ಮಾಡುವುದು. ಮಹಾವ್ಯಾಧದ ಕೆಂಪು ನಕ್ಷತ್ರ ಆರ್ದ್ರಾವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರ ಪೂರ್ವಕ್ಕಿರುವ ಪ್ರೊಸಿಯಾನ್ 0.4, ಪಶ್ಚಿಮದ ರೋಹಿಣಿ 0.9. ಆರ್ದ್ರಾ ಇವೆರಡರ ಸುಮಾರು ನಡುವೆ ಕಂಡರೆ 0.6 ಅಥವಾ 0.7 ಎಂದು ದಾಖಲಿಸಬೇಕು. ಅನುಭವಿಗಳ ಕಣ್ಣು 0.1ರಷ್ಟು ವ್ಯತ್ಯಾಸವನ್ನೂ ಹಿಡಿಯುತ್ತದೆ. ಸಂಘ ಒದಗಿಸುವ ನಕ್ಷೆಯಲ್ಲಿ ಹೋಲಿಕೆಯ ನಕ್ಷತ್ರಗಳ ಪಕ್ಕ 5.8 ಎಂಬುದನ್ನು 58 ಎಂದು ಅಚ್ಚುಹಾಕಿರುತ್ತಾರೆ. ದಶಮಾಂಶದ ಚುಕ್ಕಿಯನ್ನೂ ನಕ್ಷತ್ರವೆಂದು ಯಾರೂ ಭ್ರಮಿಸಬಾರದೆಂಬ ಎಚ್ಚರ ಅದು.

ಕಣ್ಣು ಮೋಸಹೋಗುವ ದಾರಿಗಳು ಹಲವು. ಕತ್ತಲಿಗೆ ಹೊಂದಿಕೊಳ್ಳಲು ಕಣ್ಣಿಗೆ ಇಪ್ಪತ್ತು ಮೂವತ್ತು ನಿಮಿಷ ಬೇಕು. ಈ ನಡುವೆ ಒಮ್ಮೆ ಮೊಬೈಲ್ ಪರದೆ ನೋಡಿದರೂ ಮತ್ತೆ ಮೊದಲಿನಿಂದ ಕಾಯಬೇಕು. ಅದಕ್ಕೇ ಕೆಂಪು ಕಾಗದ ಸುತ್ತಿದ ಟಾರ್ಚ್ ಬಳಸುತ್ತಾರೆ. ಕೆಂಪು ನಕ್ಷತ್ರವನ್ನು ದಿಟ್ಟಿಸಿದಷ್ಟೂ ಅದು ಹೆಚ್ಚು ಹೊಳೆಯುವಂತೆ ತೋರುವುದರಿಂದ ಚುಟುಕಾಗಿ ನೋಡಿ ಕಣ್ಣು ತೆಗೆಯಬೇಕು. ದಿಗಂತದ ಬಳಿ ದಟ್ಟ ಗಾಳಿ ಬೆಳಕನ್ನು ಹೀರುತ್ತದೆ, ಆದ್ದರಿಂದ ಹೋಲಿಸುವ ನಕ್ಷತ್ರಗಳು ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿರಬೇಕು. ಎಲ್ಲಕ್ಕಿಂತ ಮುಖ್ಯವಾದುದು, ಹಿಂದಿನ ರಾತ್ರಿ ಬರೆದ ಅಂಕಿಯನ್ನು ನೋಡದೆ ಇಂದಿನದನ್ನು ಬರೆಯುವುದು. ನಿರೀಕ್ಷೆ ಕಣ್ಣನ್ನು ತಿದ್ದುತ್ತದೆ. ನಕ್ಷತ್ರ ಕಾಣದೇ ಹೋದರೆ ಅದನ್ನೂ ಬರೆಯಬೇಕು: ಇಂಥ ಕಾಂತಿಮಾನದ ನಕ್ಷತ್ರ ಕಂಡಿತು, ಇದು ಕಾಣಲಿಲ್ಲ ಎಂದು. ಸ್ಫೋಟ ಯಾವಾಗ ಶುರುವಾಯಿತೆಂದು ಪತ್ತೆ ಹಚ್ಚಲು ಅಂಥ ದಾಖಲೆಗಳೇ ಅನೇಕ ಸಲ ನೆರವಾಗಿವೆ.

ಈ ಕೆಲಸದ ಬೆಲೆ ಏನೆಂದು 2019ರ ಕೊನೆಯಲ್ಲಿ ಆರ್ದ್ರಾ ತಾನೇ ತೋರಿಸಿತು. ಸಾಮಾನ್ಯವಾಗಿ 0.5ರ ಆಸುಪಾಸಿನಲ್ಲಿರುವ ಅದು ಮಂಕಾಗುತ್ತಾ ಹೋಗಿ 2020ರ ಫೆಬ್ರವರಿಯಲ್ಲಿ 1.6ಕ್ಕೆ ಇಳಿಯಿತು. ಎಂದರೆ ಬೆಳಕು ಸುಮಾರು ಮೂರನೇ ಒಂದು ಭಾಗಕ್ಕೆ ಕುಸಿಯಿತು. ಮಹಾವ್ಯಾಧನ ಎರಡೂ ಭುಜಗಳು ಒಂದೇ ಹೊಳಪಿನಲ್ಲಿ ಕಂಡ ಅಪರೂಪದ ವಾರಗಳವು. ನಕ್ಷತ್ರ ಸ್ಫೋಟಿಸಲಿದೆಯೆಂಬ ಊಹೆಗಳು ಹರಡಿದಾಗ, ಹಿಂದೆಂದಾದರೂ ಹೀಗಾಗಿತ್ತೇ ಎಂದು ನೋಡಲು ಹವ್ಯಾಸಿಗಳ ದಶಕಗಳ ದಾಖಲೆ ಸಿದ್ಧವಿತ್ತು. ನಕ್ಷತ್ರ ಹೊರಗೆ ಉಗುಳಿದ ದ್ರವ್ಯ ತಣಿದು ಧೂಳಾಗಿ ಬೆಳಕನ್ನು ಮರೆಮಾಡಿತೆಂಬ ವಿವರಣೆಗೆ ಈಗ ಹೆಚ್ಚಿನ ಮನ್ನಣೆಯಿದೆ. ನಮ್ಮ ರೈತರು ಜೂನ್ ಕೊನೆಯ ವಾರದ ಮಳೆಗೆ ಆರಿದ್ರಾ ಮಳೆ ಎನ್ನುವುದು ಇದೇ ನಕ್ಷತ್ರದ ಹೆಸರಿನಿಂದ. ಆಗ ಸೂರ್ಯ ಆ ದಿಕ್ಕಿನಲ್ಲಿರುವುದರಿಂದ ನಕ್ಷತ್ರ ಕಾಣುವುದಿಲ್ಲ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗಿನ ಸಂಜೆಗಳು ಅದನ್ನು ನೋಡಲು ತಕ್ಕ ಕಾಲ.

ಹಬಲ್ ಬಾಹ್ಯಾಕಾಶ ದೂರದರ್ಶಕಕ್ಕೂ ಹವ್ಯಾಸಿಗಳ ನೆರವು ಬೇಕಾಗಿದೆ. ಅದರ ಒಂದು ಉಪಕರಣ ಎಷ್ಟು ಸೂಕ್ಷ್ಮವೆಂದರೆ ಮಿತಿಮೀರಿ ಬೆಳಕು ಬಿದ್ದರೆ ಕೆಡಬಹುದು. ಇದ್ದಕ್ಕಿದ್ದಂತೆ ಉರಿಯುವ ಸ್ವಭಾವದ ನಕ್ಷತ್ರಗಳತ್ತ ಅದನ್ನು ತಿರುಗಿಸುವ ಮುನ್ನ, ನಕ್ಷತ್ರ ಶಾಂತವಾಗಿದೆಯೇ ಎಂದು ಹಿಂದಿನ ರಾತ್ರಿಗಳಲ್ಲಿ ನೋಡಿ ತಿಳಿಸುವ ಕೆಲಸವನ್ನು ಸಂಘದ ಸದಸ್ಯರು ತಮ್ಮ ಮನೆಯಂಗಳಗಳಿಂದ ಮಾಡಿದ್ದಾರೆ.

ಕರ್ನಾಟಕದಲ್ಲಿ ಬೆಂಗಳೂರಿನ ಹವ್ಯಾಸಿ ಖಗೋಳವೀಕ್ಷಕರ ಸಂಘ 1976ರಲ್ಲೇ ಶುರುವಾಯಿತು. 1989ರಲ್ಲಿ ತೆರೆದ ಜವಾಹರಲಾಲ್ ನೆಹರೂ ತಾರಾಲಯ, ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳವೀಕ್ಷಕರ ಸಂಘ ಮುಂತಾದವು ಗ್ರಹಣ, ಧೂಮಕೇತು, ಉಲ್ಕಾಪಾತಗಳ ಹೊತ್ತಿಗೆ ಸಾವಿರಾರು ಜನರಿಗೆ ಆಕಾಶ ತೋರಿಸಿವೆ. ಮೈಸೂರಿನಲ್ಲಿ ನೆಲೆಸಿದ್ದ ಜಿ.ಟಿ. ನಾರಾಯಣರಾಯರ ಕನ್ನಡ ಪುಸ್ತಕಗಳನ್ನು ಹಿಡಿದು ಒಬ್ಬೊಬ್ಬರೇ ನಕ್ಷತ್ರ ಗುರುತಿಸಲು ಕಲಿತ ಓದುಗರು ನಾಡಿನುದ್ದಕ್ಕೂ ಇದ್ದಾರೆ. ತೋರಿಸುವ ಕೆಲಸ ನಮ್ಮಲ್ಲಿ ಸೊಗಸಾಗಿ ನಡೆದಿದೆ. ಬರೆದಿಡುವ ಕೆಲಸ ಅಷ್ಟಾಗಿ ಬೇರುಬಿಟ್ಟಿಲ್ಲ, ಮತ್ತು ಅದು ಬೇರುಬಿಡಬೇಕಾದದ್ದು ತುರ್ತು.

ಅದಕ್ಕೆ ದೊಡ್ಡ ಖರ್ಚಿಲ್ಲ. ಆರ್ದ್ರಾ, ಆಲ್ಗಾಲ್, ಡೆಲ್ಟಾ ಸಿಫೈಗಳನ್ನು ಬರಿಗಣ್ಣಿನಿಂದ ಹಿಂಬಾಲಿಸಬಹುದು. ಆರ್ದ್ರಾವನ್ನಂತೂ ಬೆಂಗಳೂರಿನ ಬೀದಿದೀಪಗಳ ನಡುವೆಯೂ. 50 ಮಿಲಿಮೀಟರ್ ಮಸೂರಗಳ ಬೈನಾಕ್ಯುಲರ್ ಇದ್ದರೆ ನೋಡಲು ಸಿಗುವ ನಕ್ಷತ್ರಗಳು ಹತ್ತಾರು. ದಿನಾಂಕ, ಗಂಟೆ, ಹೋಲಿಸಿದ ಎರಡು ನಕ್ಷತ್ರಗಳು, ಅಂದಾಜಿನ ಕಾಂತಿಮಾನ, ಆಕಾಶದ ಸ್ಥಿತಿ, ಇಷ್ಟು ಬರೆದುಕೊಂಡು ಅಂತರ್ಜಾಲದ ಮೂಲಕ ಸಂಘದ ಭಂಡಾರಕ್ಕೆ ಸೇರಿಸಬಹುದು. ಕ್ಯಾಮೆರಾ ಜೋಡಿಸಿದ ಸ್ವಯಂಚಾಲಿತ ದೂರದರ್ಶಕಗಳು ಈಗ ರಾತ್ರಿಯಿಡೀ ಆಕಾಶ ಸೋಸುತ್ತಿರುವುದು ನಿಜ. ಆದರೆ ಮಂದ ನಕ್ಷತ್ರಗಳಿಗೆಂದು ರೂಪಿಸಿದ ದೊಡ್ಡ ದೂರದರ್ಶಕಗಳಿಗೆ ಹೊಳಪಿನ ನಕ್ಷತ್ರಗಳು ಕಣ್ಣು ಕೋರೈಸುತ್ತವೆ, ಅವುಗಳ ಅಳತೆ ಅಲ್ಲಿ ಸಿಗುವುದಿಲ್ಲ. ಆ ಭಾಗ ಹವ್ಯಾಸಿಗಳ ಪಾಲಿಗೇ ಉಳಿದಿದೆ.

ಕರ್ನಾಟಕದ ಆಕಾಶಕ್ಕೆ ಒಂದು ಕೊರತೆಯಿದೆ, ಒಂದು ಅನುಕೂಲವೂ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು ಮೋಡಗಳು ದಾಖಲೆಯನ್ನು ತುಂಡರಿಸುತ್ತವೆ. ಅನುಕೂಲವೆಂದರೆ, ಸಮಭಾಜಕದಿಂದ 12 ರಿಂದ 18 ಡಿಗ್ರಿ ಉತ್ತರದಲ್ಲಷ್ಟೇ ಇರುವ ನಾಡಿಗೆ ದಕ್ಷಿಣಾಕಾಶದ ಬಹುಭಾಗ ಕಾಣುತ್ತದೆ. 1843ರ ಹೊತ್ತಿಗೆ ಆಕಾಶದಲ್ಲಿ ಲುಬ್ಧಕನನ್ನು ಬಿಟ್ಟರೆ ತಾನೇ ಎಂಬಷ್ಟು ಹೊಳೆದು ನಂತರ ಮಂಕಾದ ಈಟಾ ಕರೀನೇ, ಸುಮಾರು 140 ದಿನಗಳಿಗೊಮ್ಮೆ ಏರಿಳಿಯುವ ಎಲ್2 ಪಪ್ಪಿಸ್ ಎರಡೂ ಇಲ್ಲಿ ಬೇಸಿಗೆಯ ಸಂಜೆಗಳಲ್ಲಿ ದಕ್ಷಿಣ ದಿಗಂತದ ಮೇಲೆ ಸಿಗುತ್ತವೆ. ಲಂಡನ್ನಿಗೆ ಅವು ಎಂದೂ ಕಾಣುವುದಿಲ್ಲ. ದಕ್ಷಿಣದ ನಕ್ಷತ್ರಗಳನ್ನು ನೋಡುವವರು ಉತ್ತರದವುಗಳಿಗೆ ಹೋಲಿಸಿದರೆ ಬಹಳ ಕಡಿಮೆ. ದಕ್ಷಿಣಕ್ಕೆ ತೆರೆದ ಬಯಲಿರುವ ಬಳ್ಳಾರಿ, ಚಿತ್ರದುರ್ಗ, ರಾಯಚೂರುಗಳ ಹಳ್ಳಿಗಳಿಂದ ಅವುಗಳ ಬಗ್ಗೆ ಹೋಗುವ ಪ್ರತಿಯೊಂದು ಅಂಕಿಗೂ ಭಂಡಾರದಲ್ಲಿ ತೂಕ ಹೆಚ್ಚು.