ಮಂಗಳೂರಿನಿಂದ ದುಬೈಗೆ ಎಷ್ಟು ಹೊತ್ತು?

ಕಾಸರಗೋಡಿನ ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ವಿಮಾನದ ಟಿಕೇಟು ತಂದರು. ಅವರ ಮಗ ಕೆಲಸಕ್ಕೆಂದು ದುಬೈಗೆ ಹೊರಟಿದ್ದ. ಟಿಕೇಟಿನ ಅಂಕಿಗಳನ್ನು ಅವರೇ ಓದಿದ್ದರು.

"ಟೀಚರೇ, ಮಂಗಳೂರು ಬಿಡುವುದು 00:30. ದುಬೈ ತಲುಪುವುದು 03:00. ಎರಡೂವರೆ ಗಂಟೆ ಆಯ್ತಲ್ಲ? ನಾಲ್ಕು ಗಂಟೆ ಬೇಕು ಅಂತ ಮಗ ಹೇಳ್ತಾನೆ. ಇದೆಂಥ ಲೆಕ್ಕ?"

ಅಕ್ಕ ಓದಿದ್ದು ಸರಿ. ಮಗ ಹೇಳಿದ್ದೂ ಸರಿ. ಹೇಗೆ? ನೋಡೋಣ.

ಮೊದಲು ದೂರ. ಮಂಗಳೂರಿನಿಂದ ದುಬೈಗೆ ನೇರ ದೂರ ಸುಮಾರು 2,450 ಕಿಲೋಮೀಟರ್. ನಡುವೆ ಅರಬ್ಬಿ ಸಮುದ್ರ ಇದೆ. ಮೇಲೇರಿದ ವಿಮಾನ ಗಂಟೆಗೆ ಸುಮಾರು 800 ಕಿಲೋಮೀಟರ್ ಹೋಗುತ್ತದೆ. ಆ ಲೆಕ್ಕಕ್ಕೆ ಮೂರು ಗಂಟೆ ಸಾಕು. ಆದರೆ ಮೇಲೇರಲು, ಇಳಿಯಲು ಹೆಚ್ಚು ಹೊತ್ತು ಬೇಕು. ಎದುರು ಗಾಳಿ ಇದ್ದರೆ ಇನ್ನೂ ತಡ. ಹಾಗಾಗಿ ಮೂರೂವರೆಯಿಂದ ನಾಲ್ಕು ಗಂಟೆ ಹಿಡಿಯುತ್ತದೆ.

ಹಾಗಾದರೆ ಒಂದೂವರೆ ಗಂಟೆ ಎಲ್ಲಿ ಹೋಯಿತು?

ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ. ದುಬೈ ನಮಗಿಂತ ಪಶ್ಚಿಮಕ್ಕೆ ಇದೆ. ಸೂರ್ಯ ಮೊದಲು ನಮಗೆ ಕಾಣುತ್ತಾನೆ, ಆಮೇಲೆ ಅವರಿಗೆ. ಆದ್ದರಿಂದ ದುಬೈಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ನಮ್ಮಲ್ಲಿ ಬೆಳಿಗ್ಗೆ 6:00 ಆದಾಗ ಅಲ್ಲಿ ಇನ್ನೂ 4:30.

ಟಿಕೇಟಿನಲ್ಲಿ ಹೊರಡುವ ಸಮಯ ಹೊರಡುವ ಊರಿನದು. ತಲುಪುವ ಸಮಯ ತಲುಪುವ ಊರಿನದು. ಇದನ್ನು ನೆನಪಿಡಿ. ದುಬೈಯಲ್ಲಿ 3:00 ಆದಾಗ ನಮ್ಮ ಮನೆಯಲ್ಲಿ 4:30. ಈಗ 00:30ರಿಂದ 4:30ರ ತನಕ ಎಣಿಸಿ. ನಾಲ್ಕು ಗಂಟೆ ಆಯಿತು.

"ಸರಿ ಟೀಚರೇ. 12ನೇ ತಾರೀಕು ರಾತ್ರಿ ಊಟ ಮಾಡಿ ಹೊರಡ್ತಾನೆ" ಎಂದರು ಅಕ್ಕ.

ನಾನು ಟಿಕೇಟು ಮತ್ತೆ ನೋಡಿದೆ. 12ನೇ ತಾರೀಕು, 00:30. ಅಂದರೆ ನಡುರಾತ್ರಿ ಕಳೆದು ಅರ್ಧ ಗಂಟೆ. ರಾತ್ರಿ 12 ಗಂಟೆಗೆ ತಾರೀಕು ಬದಲಾಗುತ್ತದೆ. ಹಾಗಾಗಿ ಹೊರಡಬೇಕಾದ್ದು 11ನೇ ತಾರೀಕು! 12ರ ರಾತ್ರಿ ಹೋದರೆ ವಿಮಾನ ಹಿಂದಿನ ರಾತ್ರಿಯೇ ಹೋಗಿರುತ್ತದೆ. ಟಿಕೇಟಿನ ದುಡ್ಡೂ ಹೋಯಿತು, ಕೆಲಸಕ್ಕೂ ತೊಂದರೆ.

ಹೊರದೇಶದ ವಿಮಾನಕ್ಕೆ ಮೂರು ಗಂಟೆ ಮೊದಲೇ ನಿಲ್ದಾಣದಲ್ಲಿ ಇರಬೇಕು. ಅಂದರೆ 11ರ ರಾತ್ರಿ 9:30ಕ್ಕೆ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ಅಲ್ಲಿಂದ ಬಜಪೆಯ ವಿಮಾನ ನಿಲ್ದಾಣಕ್ಕೆ ಮತ್ತೆ ಹೋಗಬೇಕು. ಸಂಜೆ 6:30ಕ್ಕೇ ಮನೆ ಬಿಟ್ಟರೆ ಗಡಿಬಿಡಿ ಇಲ್ಲ.

ಮಗ 11ರ ಸಂಜೆಯೇ ಹೊರಟ. ಮರುದಿನ ಬೆಳಿಗ್ಗೆ 5 ಗಂಟೆಗೆ ಫೋನ್ ಬಂತು.

"ಅಮ್ಮಾ, ತಲುಪಿದೆ. ಇಲ್ಲಿ ಈಗ ಎಷ್ಟು ಗಂಟೆ ಗೊತ್ತುಂಟಾ?"

"ಗೊತ್ತುಂಟು ಮಗಾ. ಮೂರೂವರೆ" ಎಂದರು ಅಕ್ಕ.

ನೀವೂ ಲೆಕ್ಕ ಮಾಡಿ: 20ನೇ ತಾರೀಕು ರಾತ್ರಿ 11 ಗಂಟೆಗೆ ದುಬೈಯಿಂದ ವಿಮಾನ ಹೊರಟಿತು. ಪ್ರಯಾಣ ಮೂರೂವರೆ ಗಂಟೆ. ಮಂಗಳೂರಿನಲ್ಲಿ ಇಳಿಯುವಾಗ ಇಲ್ಲಿ ಎಷ್ಟು ಗಂಟೆ? ಯಾವ ತಾರೀಕು?

(ಉತ್ತರ: 21ನೇ ತಾರೀಕು, ಬೆಳಗಿನ ಜಾವ 4 ಗಂಟೆ)