ದ್ರಾವಿಡ್ ನಿವೃತ್ತಿ: ರ‍್ಯಾಂಕಿಂಗ್ ಹೇಳುವುದೇನು, ಸರಾಸರಿ ಹೇಳುವುದೇನು?

ಚಾಮರಾಜನಗರ, ಗುಂಡ್ಲುಪೇಟೆಯ ಟೀ ಅಂಗಡಿಗಳಲ್ಲಿ ಕ್ರಿಕೆಟ್ ಪ್ರಿಯರು ಸೇರಿದರೆ ಹಳೆಯ ವಾದವೊಂದು ಏಳುವುದುಂಟು: ರಾಹುಲ್ ದ್ರಾವಿಡ್ ನಿವೃತ್ತಿ ಸಕಾಲಿಕವೇ, ಅವಸರದ್ದೇ? ಒಂದು ಪಕ್ಷ ರ‍್ಯಾಂಕಿಂಗ್ ಮುಂದಿಟ್ಟರೆ ಇನ್ನೊಂದು ಪಕ್ಷ ಸರಾಸರಿಯನ್ನು ಮುಂದಿಡುತ್ತದೆ. ವಾಸ್ತವವಾಗಿ ಇವೆರಡೂ ಅಳೆಯುವುದು ಬೇರೆ ಬೇರೆ ಸಂಗತಿಗಳನ್ನು.

ಐಸಿಸಿ ರ‍್ಯಾಂಕಿಂಗ್‌ನಲ್ಲಿ ಆಟಗಾರನಿಗೆ ಸೊನ್ನೆಯಿಂದ 1000ದವರೆಗೆ ಅಂಕಗಳಿರುತ್ತವೆ. ಎದುರಾಳಿ ಬೌಲಿಂಗ್‌ನ ಬಲ, ಪಂದ್ಯದ ಫಲಿತಾಂಶಗಳೂ ಲೆಕ್ಕಕ್ಕೆ ಬರುತ್ತವೆ. ಇತ್ತೀಚಿನ ಇನಿಂಗ್ಸ್‌ಗಳಿಗೆ ತೂಕ ಹೆಚ್ಚು. ಹೀಗಾಗಿ ಒಂದು ಸರಣಿಯ ವೈಫಲ್ಯವೂ ಅಲ್ಲಿ ಬೇಗನೆ ಗೋಚರಿಸುತ್ತದೆ. ಸರಾಸರಿಯಾದರೋ ಮೊದಲ ರನ್ನನ್ನೂ ಕೊನೆಯ ರನ್ನನ್ನೂ ಸಮನಾಗಿ ಎಣಿಸುತ್ತದೆ.

2011ರ ಇಂಗ್ಲೆಂಡ್ ಪ್ರವಾಸದ 4 ಟೆಸ್ಟ್‌ಗಳಲ್ಲಿ ದ್ರಾವಿಡ್ 3 ಶತಕ ಸಹಿತ 461 ರನ್ ಗಳಿಸಿದ್ದರು. ಕೆಲವೇ ತಿಂಗಳ ಬಳಿಕ ಆಸ್ಟ್ರೇಲಿಯಾದಲ್ಲಿ 8 ಇನಿಂಗ್ಸ್‌ಗಳಿಂದ ಬಂದದ್ದು 194 ರನ್ ಮಾತ್ರ. ಅದಕ್ಕಿಂತ ಗಂಭೀರ ಸೂಚನೆಯೆಂದರೆ, ‘ಗೋಡೆ’ ಎನಿಸಿದ್ದ ಅವರು 6 ಬಾರಿ ಬೌಲ್ಡ್ ಆದದ್ದು. 2012ರ ಮಾರ್ಚ್ 9ರಂದು, 39ರ ಹರೆಯದಲ್ಲಿ ಅವರು ನಿವೃತ್ತಿ ಘೋಷಿಸಿದರು. ಆಗಲೂ 164 ಟೆಸ್ಟ್‌ಗಳ ಸರಾಸರಿ 52.31 ಇತ್ತು.

ಮುಂದಿನ ಪಂದ್ಯದ ಆಯ್ಕೆಗೆ ಈ ಸರಾಸರಿ ಆಧಾರವಾಗಲಾರದು. 13,288 ರನ್‌ಗಳ ಹಿರಿಮೆಯನ್ನು ಕೊನೆಯ ಸರಣಿಯಿಂದ ಅಳೆಯುವುದೂ ನ್ಯಾಯವಲ್ಲ.