ಹವ್ಯಾಸಿ ಗಾಯಕ-ನಟರ ಕಂಠರಕ್ಷಣೆ

ಗಣೇಶ ಚತುರ್ಥಿಯು ಸಮೀಪಿಸಿತೆಂದರೆ ನಮ್ಮ ಊರೂರುಗಳ ಓಣಿಗಳಲ್ಲಿ ಪೇಟಿಯ ಧ್ವನಿಯು ಏಳತೊಡಗುವದು. ಶಾಲಾಮಾಸ್ತರರು, ಕಾರಕೂನರು, ಅಂಗಡಿಕಾರರು, ವಿದ್ಯಾರ್ಥಿಗಳು ಹಗಲಿನ ಉದ್ಯೋಗವನ್ನು ತೀರಿಸಿ ರಾತ್ರಿಯಲ್ಲಿ ನಾಟಕದ ತಾಲೀಮು ನಡೆಯಿಸುವರು. ಇವರಿಗೆ ಸಂಬಳವಿಲ್ಲ, ಚಪ್ಪಾಳೆಯೊಂದೇ ಪ್ರತಿಫಲವು. ಇಂಥವರ ಉತ್ಸಾಹಕ್ಕೆ ತಣ್ಣೀರೆರಚುವ ಉದ್ದೇಶವು ನಮಗೆ ಲವಲೇಶವೂ ಇಲ್ಲ. ಆದರೆ ಉತ್ಸವವು ಮುಗಿದ ಮರುದಿನ ಇವರಲ್ಲಿ ಎಷ್ಟೋ ಜನರು ಮಾತು ಹೊರಡದೆ ಕೈಸನ್ನೆಯಿಂದ ವ್ಯವಹರಿಸುವದನ್ನು ಪ್ರತಿವರ್ಷವೂ ನೋಡುತ್ತಿರುವೆವು. ನೋಡಿ ನಗುವವರುಂಟು. ನಮಗೆ ನಗೆ ಬಾರದು. ಏಕೆಂದರೆ ನಾವೂ ಒಮ್ಮೆ ಆ ಸ್ಥಿತಿಯಲ್ಲಿದ್ದೆವು.

ನಮ್ಮ ಇಪ್ಪತ್ತನೆಯ ವಯಸ್ಸಿನಲ್ಲಿ ಮಿತ್ರರು ಕೂಡಿ ಆಡಿದ ಪೌರಾಣಿಕ ನಾಟಕವೊಂದರಲ್ಲಿ ನಮಗೆ ನಾರದನ ಪಾತ್ರವು ಬಂದಿತ್ತು. ಪೇಟಿ ಬಾರಿಸುವ ಗೃಹಸ್ಥರು ತಮಗೆ ರೂಢಿಯಾದ ಬಿಳಿ ನಾಲ್ಕರ ಪಟ್ಟಿಯನ್ನು ಬಿಡಲೊಲ್ಲರು; ನಮ್ಮ ಕಂಠಕ್ಕಾದರೋ ಕರಿ ಒಂದೇ ಹೆಚ್ಚು. ಹಿರಿಯರೆದುರು ಅದನ್ನು ಹೇಳಲು ನಾಚಿ ಹದಿನೈದು ದಿನ ಕಿರಿಚಿ ಕಲಿತೆವು. ಮೂರನೆಯ ಅಂಕದಲ್ಲಿ ತಾರಷಡ್ಜಕ್ಕೆ ಏರುವಷ್ಟರಲ್ಲಿ ಸ್ವರವು ಒಡೆಯಿತು. ಸಭಿಕರಲ್ಲಿ ಯಾರೋ ಕೋಳಿಯಂತೆ ಕೂಗಿದರು. ಆ ಅಪಮಾನವು ಎಂದೋ ಮರೆತುಹೋಯಿತು. ಆದರೆ ಅಂದು ಕಟ್ಟಿದ ಗಂಟಲು ತಿಂಗಳೊಪ್ಪತ್ತು ಬಿಡಲಿಲ್ಲ. ಮೊದಲಿನ ಕಂಠವು ಇಂದಿಗೂ ಮರಳಿಲ್ಲ.

ಈ ಏರುಪಟ್ಟಿಯ ಮೋಹವು ಎಲ್ಲಿಂದ ಬಂದಿತು? ಗರುಡ ಸದಾಶಿವರಾಯರು, ವಾಮನರಾವ ಮಾಸ್ತರರು ಮೊದಲಾದವರ ಕಂಪನಿಗಳ ಕಾಲದಲ್ಲಿ ಧ್ವನಿವರ್ಧಕವು ಸಾಮಾನ್ಯವಾಗಿ ರೂಢಿಯಲ್ಲಿದ್ದಿಲ್ಲ. ನಟನ ಹಾಡು ಕಟ್ಟಕಡೆಯ ಸಾಲಿನಲ್ಲಿ ನೆಲದ ಮೇಲೆ ಕುಳಿತವನಿಗೂ ಮುಟ್ಟಬೇಕಾಗಿತ್ತು. ಏರುದನಿಯು ದೂರ ಹೋಗುವದರಿಂದ ಅದಕ್ಕೇ ಬೆಲೆಯು. ಆ ನಟರು ಎಳವೆಯಿಂದ ದಿನವೂ ಸಾಧನೆ ಮಾಡಿದವರು. ನಮ್ಮ ಹವ್ಯಾಸಿಗಳು ಅವರ ಸಾಧನೆಯನ್ನು ಬಿಟ್ಟು ಪಟ್ಟಿಯನ್ನು ಮಾತ್ರ ಹಿಡಿದಿರುವರು. ಈಗ ಎದುರಿಗೆ ಮೈಕು ನಿಂತಿರುವಾಗ ಆ ಪಟ್ಟಿಯ ಅವಶ್ಯಕತೆಯಾದರೂ ಏನು?

ಇಳಿದನಿಯು ಹಾಡಿಗೆ ಶೋಭಿಸದೆಂಬುವವರು ಗಂಗೂಬಾಯಿ ಹಾನಗಲ್ಲರನ್ನು ನೆನೆಯಬೇಕು. 1930ರ ದಶಕದ ಗ್ರಾಮೋಫೋನ ತಟ್ಟೆಗಳಲ್ಲಿ ಕೇಳಿಬರುವ ಅವರ ಎಳೆಯ, ತೆಳುವಾದ ಕಂಠವು ಗಂಟಲಬೇನೆಗೆ ಚಿಕಿತ್ಸೆಯಾದ ತರುವಾಯ ಗಂಡುದನಿಯಷ್ಟು ಗಂಭೀರವಾಯಿತು. ಹೋದ ಕಂಠವನ್ನು ಹಟದಿಂದ ಹುಡುಕದೆ, ಬಂದ ಕಂಠಕ್ಕೆ ತಕ್ಕ ಷಡ್ಜವನ್ನಿಟ್ಟುಕೊಂಡು ಅವರು ಹಾಡಿದರು. 2002ರಲ್ಲಿ ಪದ್ಮವಿಭೂಷಣವು ಸಂದದ್ದು ಆ ಕಂಠಕ್ಕೇ.

ತನ್ನ ಷಡ್ಜವನ್ನು ಗೊತ್ತುಪಡಿಸಿಕೊಳ್ಳುವದು ಕಠಿಣವಲ್ಲ. ಗಂಟಲು ತಿಳಿಯಾಗಿರುವ ಹೊತ್ತಿನಲ್ಲಿ ಪೇಟಿಯ ಮುಂದೆ ಕೂಡಬೇಕು. ಮಂದ್ರದ ಪಂಚಮವು ಗಾಳಿಯಾಗದೆ ಸ್ಪಷ್ಟವಾಗಿ ಕೇಳಬೇಕು. ತಾರದ ಮಧ್ಯಮವು ಕತ್ತಿನ ನರ ಉಬ್ಬದೆ, ಮೂರು ಸಾರೆ ಹಾಡಿದರೂ ದಣಿವಾಗದೆ ಬರಬೇಕು. ಇವೆರಡೂ ಯಾವ ಪಟ್ಟಿಯಲ್ಲಿ ಸಾಧಿಸುವವೋ ಅದೇ ಅವನ ಪಟ್ಟಿಯು. ಗಂಡಸರಿಗೆ ಅದು ಸುಮಾರಾಗಿ ಬಿಳಿ ಒಂದರಿಂದ ಕರಿ ಎರಡರ ವರೆಗೆ, ಹೆಂಗಸರಿಗೆ ಬಿಳಿ ಐದರಿಂದ ಕರಿ ಐದರ ವರೆಗೆ ಇರುವದುಂಟು. ಗಂಡುಪಾತ್ರಕ್ಕೂ ಹೆಣ್ಣುಪಾತ್ರಕ್ಕೂ ಒಂದೇ ಪಟ್ಟಿಯಲ್ಲಿ ಹಾಡಿಸುವ ಪದ್ಧತಿಯು ಇಬ್ಬರಲ್ಲಿ ಒಬ್ಬರಿಗೆ ಶಿಕ್ಷೆಯೇ ಸರಿ. ನಡುವೆ ಸಂಭಾಷಣೆಯು ನಡೆದಿರುವಾಗ ಪೇಟಿಯವರು ಪಟ್ಟಿಯನ್ನು ಬದಲಿಸಬಹುದು. ಬೆರಳಿಗೆ ರೂಢಿಯಿಲ್ಲದಿದ್ದರೆ ಮನೆಗಳ ಸಾಲನ್ನೇ ಸರಿಸುವ ಪೇಟಿಗಳು ಪೇಟೆಯಲ್ಲಿ ಸಿಕ್ಕುವವು. ಪೇಟಿಯು ಗಾಯಕನಿಗಾಗಿ ಇರುವದಲ್ಲದೆ ಗಾಯಕನು ಪೇಟಿಗಾಗಿ ಇರುವನೇ?

ಹುಡುಗರ ವಿಷಯದಲ್ಲಿ ನಾವು ಕಟುವಾಗಿ ಹೇಳಲೇಬೇಕು. ಹನ್ನೆರಡರಿಂದ ಹದಿನೈದರ ವರೆಗಿನ ವಯಸ್ಸಿನಲ್ಲಿ ಹುಡುಗನ ಧ್ವನಿಪೆಟ್ಟಿಗೆಯು ಬೇಗನೆ ಬೆಳೆದು, ಒಳಗಿನ ಧ್ವನಿತಂತುಗಳು ಉದ್ದವಾಗಿ ದಪ್ಪಾಗುವವು. ಆದುದರಿಂದಲೇ ದನಿಯು ಒಡೆಯುವದು. ಕಳೆದ ವರ್ಷ ಬಾಲಕೃಷ್ಣನಾಗಿ ಊರನ್ನು ಮರುಳುಮಾಡಿದನೆಂದು ಈ ವರ್ಷವೂ ಅದೇ ಪಟ್ಟಿಯಲ್ಲಿ ಅವನಿಂದ ಕಿರಿಚಿಸುವವರು ಮುಂದಿನ ಗಾಯಕನನ್ನು ಮೊಳಕೆಯಲ್ಲಿಯೇ ಚಿವುಟುವರು. ಅವನಿಗೆ ಮಾತಿನ ಪಾತ್ರವನ್ನು ಕೊಡಲಿ, ತಬಲಾ ಕಲಿಸಲಿ; ಹಾಡುವದಾದರೆ ದಣಿಯದಷ್ಟು, ನಡುವಿನ ಸ್ವರಗಳಲ್ಲಿ ಹಾಡಲಿ.

ಮೈಕಿನ ಮುಂದೆ ಒಂದು ಗೇಣಿನ ಅಂತರದಲ್ಲಿ ನಿಂತರೆ ಸಾಕು, ಕೂಗಬೇಕಾದುದಿಲ್ಲ. ತನ್ನ ದನಿಯು ತನಗೆ ಕೇಳಿಸದಾದಾಗ ಮನುಷ್ಯನು ತಿಳಿಯದೆಯೇ ಕೂಗುವನು; ಆದಕಾರಣ ಗಾಯಕರಿಗೆ ಅಭಿಮುಖವಾಗಿ ಸಣ್ಣದೊಂದು ಸ್ಪೀಕರನ್ನಿಡಿಸಿ ಹಿಂದಿನ ದಿನವೇ ಪರೀಕ್ಷಿಸಬೇಕು. ಬರಿದಾದ ಮಂಟಪವು ಮೊಳಗುವದನ್ನು ನೋಡಿ ಮೋಸಹೋಗಬಾರದು, ಜನರು ತುಂಬಿದರೆ ಅವರ ಮೈ-ಬಟ್ಟೆಗಳೇ ಧ್ವನಿಯನ್ನು ಹೀರಿಬಿಡುವವು. ತಂಬೂರಿಯನ್ನು ಅರ್ಧತಾಸು ಮೊದಲೇ ರಂಗದ ಮೇಲೆ ತರಬೇಕು. ದೀಪಗಳ ಕಾವಿಗೆ ತಂತಿಯು ಹಿಗ್ಗಿ ಶ್ರುತಿಯು ಇಳಿಯುವದುಂಟು.

ಇನ್ನು ಔಷಧೋಪಚಾರ. ಹಗಲೆಲ್ಲ ಆಗಾಗ ನೀರು ಕುಡಿಯುವದಕ್ಕೆ ಸಮನಾದುದಿಲ್ಲ. ತಂಬಾಕು, ಜರದಾ ಕಂಠಕ್ಕೆ ಶತ್ರುಗಳು. ಗಂಟಲನ್ನು ಮರಗಟ್ಟಿಸುವ ಗುಳಿಗೆಯನ್ನು ಚೀಪಿ ರಂಗವೇರುವದು ಅಪಾಯಕರ. ನೋವು ತಿಳಿಯದಾಗುವದೇ ಹೊರತು ಪೆಟ್ಟು ತಪ್ಪುವದಿಲ್ಲ. ದನಿಯು ಕಟ್ಟಿದರೆ ಪಿಸುಮಾತೂ ಬೇಡ, ಅದೂ ಶ್ರಮವೇ, ಮೌನವೇ ಮದ್ದು. ಮೂರು ವಾರ ಕಳೆದರೂ ಬಿಡದಿದ್ದರೆ ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಲೇಬೇಕು. ಧ್ವನಿತಂತುವಿನ ಮೇಲೆ ಏಳುವ ಗಂಟುಗಳು ಮೊದಲಿಗೆ ವಿಶ್ರಾಂತಿಯಿಂದಲೂ ಸರಿಯಾದ ಧ್ವನಿಶಿಕ್ಷಣದಿಂದಲೂ ಕರಗುವ ಸಂಭವವು ಬಹಳ. ಅಲಕ್ಷಿಸಿದರೆ ಶಸ್ತ್ರಕ್ರಿಯೆಯ ವರೆಗೂ ಹೋಗಬಹುದು. ನಾವು ಅಂದು ವೈದ್ಯರ ಬಳಿಗೆ ಹೋಗಲಿಲ್ಲ, ಶುಂಠಿ-ಬೆಲ್ಲವನ್ನು ನಂಬಿ ಕುಳಿತೆವು.

ನಮ್ಮ ಓಣಿಯ ಮಂಡಳಿಯವರು ಈ ಸಾರೆ ತಾಲೀಮಿನ ಮೊದಲನೆಯ ದಿನವೇ ಪಾತ್ರಧಾರಿಗಳ ಹೆಸರಿನ ಎದುರಿಗೆ ಅವರವರ ಪಟ್ಟಿಯನ್ನು ಬರೆದು ಪೇಟಿಯ ಮುಚ್ಚಳಕ್ಕೆ ಅಂಟಿಸಿರುವರು. ನಾರದನ ಎದುರಿಗೆ ಕರಿ ಒಂದು ಎಂದು ಬರೆದಿದೆ.